ಒಂದು ಇಂಚು ಗಿಡ್ಡವಾದ ಪರದೆಗಳು

"ಮೇಡಂ, ಬಿದ್ದೀರಿ," ಎಂದರು ನರ್ಸಮ್ಮ, ನಾನು ಹತ್ತಿದ್ದ ಸ್ಟೂಲನ್ನು ಒಂದು ಕೈಯಲ್ಲಿ ಅದುಮಿ ಹಿಡಿದು.

"ಬಿದ್ರೆ ಪಟ್ಟಿ ಕಟ್ಟೋಕೆ ನೀವಿದ್ದೀರಲ್ಲ. ಟೇಪಿನ ತುದಿ ಬಿಡಬೇಡಿ."

ಐವತ್ತೆಂಟು ವರ್ಷದ ಮಂಡಿಗಳನ್ನು ನಂಬಿ ಸ್ಟೂಲ್ ಹತ್ತುವುದು ಬುದ್ಧಿವಂತರ ಕೆಲಸವಲ್ಲ. ಆದರೆ ಬೇರೆಯವರು ಅಳೆದು ಹೇಳಿದ ಲೆಕ್ಕವನ್ನು ನಾನು ನಂಬುವವಳೂ ಅಲ್ಲ. ಅಡುಗೆಮನೆಯ ಕಿಟಕಿಯ ಸರಳಿನಿಂದ ಕೆಳಗಿನ ಕಟ್ಟೆಯವರೆಗೆ ಅಳೆದೆ. ನಲವತ್ತೆಂಟು ಇಂಚು. ಆಮೇಲೆ ಪರದೆಯನ್ನು ಅಳೆದೆ. ನಲವತ್ತೇಳು.

ಮುಂದಿನ ಕೋಣೆಯಲ್ಲಿ ಅರವತ್ತಕ್ಕೆ ಐವತ್ತೊಂಬತ್ತು. ಮಲಗುವ ಕೋಣೆಯಲ್ಲಿ ಐವತ್ತನಾಲ್ಕಕ್ಕೆ ಐವತ್ತಮೂರು. ಮೆಟ್ಟಿಲ ಪಕ್ಕದ ಸಣ್ಣ ಕಿಟಕಿಗೂ ಅದೇ ಕಥೆ. ಎಲ್ಲ ಪರದೆಗಳ ಕೆಳಗೂ ಬೆರಳಗಲದ ಬೆಳಕು ಇಣುಕುತ್ತಿತ್ತು.

ನಾಲ್ಕು ದಿನಗಳ ಹಿಂದೆ ನರ್ಸಮ್ಮ ಈ ಹೊಸ ಮನೆಯ ಬೀಗ ತೆಗೆದಾಗ ಅಡುಗೆಕಟ್ಟೆಯ ಮೇಲೆ ಒಂದು ಬುಟ್ಟಿ ಕಾದಿತ್ತು: ಎಲ್ಲ ಕಿಟಕಿಗಳಿಗೂ ಹೊಲಿದ ಪರದೆ, ಒಂದು ಸಣ್ಣ ಎಣ್ಣೆ ಡಬ್ಬಿ, ಒಂದು ಕಾಗದ. ಮನೆ ಮಾರಿದ ಟೈಲರ್ ಅಕ್ಕನ ಅಂಗಡಿಗೆ ಪರದೆಯೊಂದನ್ನೂ ಆ ಕಾಗದವನ್ನೂ ಒಯ್ದು ಥ್ಯಾಂಕ್ಸ್ ಹೇಳಿದರೆ ಅಕ್ಕ, "ನಾನೇನೂ ಇಟ್ಟಿಲ್ಲವಲ್ಲ," ಎಂದಿದ್ದರು. ಆಮೇಲೆ ಆ ಪರದೆಯ ಅಂಚನ್ನು ಬೆರಳಲ್ಲಿ ಸವರಿ ನೋಡಿ, ಇದ್ದಲ್ಲೇ ಕುಸಿದು ಕೂತಿದ್ದರಂತೆ. ಮರುದಿನ ಬೆಳಿಗ್ಗೆ ಅವರು ನನ್ನ ಬಾಗಿಲಲ್ಲಿದ್ದರು. ಇಪ್ಪತ್ತೆರಡು ವರ್ಷಗಳ ಹಿಂದೆ ಮನೆ ಬಿಟ್ಟು ಹೋದ ತಂಗಿಯ ಕೈ ಹೊಲಿಗೆ ಅದು, ಅವಳನ್ನು ಹುಡುಕಿಕೊಡಿ ಎಂದು ಕೇಳಿದ್ದರು.

"ಒಗೆದಿದ್ದೀರಾ ಇವನ್ನ?" ಕೇಳಿದೆ.

"ಇಲ್ಲ ಮೇಡಂ. ಬಂದ ಹಾಗೇ ತೂಗು ಹಾಕಿದ್ದೀನಿ. ಗಿಡ್ಡ ಅನ್ನೋದೂ ನೀವು ಹೇಳಿದ ಮೇಲೇ ಗೊತ್ತಾಗಿದ್ದು."

ಹಾಗಾದರೆ ಬಟ್ಟೆ ಎಳೆದುಕೊಂಡದ್ದಲ್ಲ. ಇಪ್ಪತ್ತಾರು ವರ್ಷ ವಿಮೆ ಕಚೇರಿಯಲ್ಲಿದ್ದು, ಸುಳ್ಳು ಕ್ಲೈಮುಗಳ ಪತ್ತೆಗಾಗಿ ಸುಟ್ಟ ಗೋದಾಮುಗಳನ್ನು ಅಳೆದವಳು ನಾನು. ಅವಸರದಲ್ಲಿ ಆದ ತಪ್ಪು ಒಂದೊಂದು ಕಡೆ ಒಂದೊಂದು ತರಹ ಇರುತ್ತದೆ. ಇಲ್ಲಿ ಎಲ್ಲ ಕಡೆ ಸರಿಯಾಗಿ ಒಂದೇ ಇಂಚು. ಇದು ಯಾರದೋ ಕೈಗೆ ಅಂಟಿದ ಅಭ್ಯಾಸ ಎಂದು ಸ್ಟೂಲಿನ ಮೇಲೆ ನಿಂತೇ ತೀರ್ಮಾನಿಸಿದೆ.

"ಈ ಅಡುಗೆಮನೆ ಕಿಟಕಿ ಹೊಸದಿದ್ದ ಹಾಗಿದೆಯಲ್ಲ?"

"ಹೋದ ವರ್ಷ ಗೋಡೆ ಒಡೆದು ದೊಡ್ಡದು ಮಾಡಿಸಿದ್ರಂತೆ. ಮೊದಲು ಕೈ ತೂರೋ ಅಷ್ಟೇ ಇತ್ತಂತೆ."

ನನ್ನ ಕಿವಿ ನೆಟ್ಟಗಾಯಿತು. ಹಳೆಯ ನೆನಪಿನಿಂದ ಹೊಲಿದಿದ್ದರೆ ಈ ಕಿಟಕಿಗೆ ಅಂಗೈಯಗಲದ ಪರದೆ ಬರಬೇಕಿತ್ತು. ಅಂದರೆ ಪರದೆ ಹೊಲಿದವರ ಕಡೆಯ ಯಾರೋ ಈ ಒಂದು ವರ್ಷದೊಳಗೆ ಇದೇ ಜಾಗದಲ್ಲಿ ನಿಂತು ಟೇಪ್ ಹಿಡಿದಿದ್ದಾರೆ.

ಇಳಿಯುವಾಗ ಮಂಡಿ ಕಟಕ್ಕೆಂದಿತು. ನರ್ಸಮ್ಮ ನನಗೆ ಚಹಾ ಕೊಟ್ಟು ಎದುರಿಗೆ ಕೂತರು.

"ನಮ್ಮ ಯಜಮಾನ್ರು ಬೀಗ ಎಲ್ಲಾ ಬದಲಾಯಿಸೋಣ ಅಂತ ಕೂತಿದ್ದಾರೆ. ಯಾರೋ ಒಳಗೆ ಬಂದು ಹೋಗಿದ್ದಾರೆ ಅಂದ್ರೆ ನಿದ್ದೆ ಬರಲ್ಲ ಅಂತಾರೆ. ನನಗೆ ಮಾತ್ರ ಈ ಕಾಗದ ಓದಿದ ಮೇಲೆ ಹೆದರಿಕೆನೇ ಆಗ್ತಿಲ್ಲ. ಹದಿನಾಲ್ಕು ವರ್ಷ ಕ್ವಾರ್ಟರ್ಸ್‌ನಲ್ಲಿದ್ವಿ ಮೇಡಂ, ನಲ್ಲಿ ಯಾವ ಕಡೆ ತಿರುಗಿಸಬೇಕು ಅಂತ ಹೇಳಿದವರೂ ಇಲ್ಲ."

ಕಾಗದವನ್ನು ಅವರು ಕೊಡಲಿಲ್ಲ, ದುಂಡಗಿನ ಅಕ್ಷರ ನನಗೂ ಕಾಣುವಂತೆ ಹಿಡಿದು ತಾವೇ ಓದಿದರು. ಆಗಲೇ ಬಾಯಿಪಾಠ ಆಗಿದ್ದಂತಿತ್ತು.

'ಈ ಮನೆಗೆ ಬಂದವರಿಗೆ ನಮಸ್ಕಾರ. ಹಿಂಬಾಗಿಲು ಹಾಕುವಾಗ ಹಿಡಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿದರೆ ಚಿಲಕ ಸಲೀಸಾಗಿ ಬೀಳುತ್ತದೆ. ಕೀಲಿಗೆ ಈ ಎಣ್ಣೆ ಎರಡು ಹನಿ ಸಾಕು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹಳೆ ಸಾಮಾನು ತುಂಬಬೇಡಿ. ಮಕ್ಕಳಿದ್ದರೆ ಅವರಿಗೆ ಬಿಡಿ, ಇಬ್ಬರು ಆರಾಮವಾಗಿ ಕೂರಬಹುದು, ಹುಡುಕಿದರೂ ಸಿಗುವುದಿಲ್ಲ. ಬೆಳಗಿನ ಬಿಸಿಲು ಮೊದಲು ಮಲಗುವ ಕೋಣೆಗೆ ಬರುತ್ತದೆ. ತಡವಾಗಿ ಏಳುವವರು ಎಡಗಡೆ ಮಲಗಿ. ಈಗ ಈ ಮನೆಯಲ್ಲಿ ನಮ್ಮವರು ಯಾರೂ ಉಳಿದಿಲ್ಲ. ನೀವು ಚೆನ್ನಾಗಿ ಬಾಳಿ.'

"ಎಡಗಡೆಗಾಗಿ ನಾವಿಬ್ಬರೂ ಜಗಳ ಆಡಿ ಆಯ್ತು," ಎಂದು ನಕ್ಕರು ನರ್ಸಮ್ಮ. ನಗುತ್ತಲೇ ಕಣ್ಣೊರೆಸಿಕೊಂಡರು.

*

ಟೈಲರ್ ಅಕ್ಕ ಎಂದು ಬೀದಿಗೆ ಬೀದಿಯೇ ಕರೆಯುತ್ತದೆ. ಅವರಿಗಿಂತ ಎಂಟು ವರ್ಷ ದೊಡ್ಡವಳಾದ ನಾನೂ ಹಾಗೇ ಕರೆಯುತ್ತೇನೆ. ಅವರ ಅಂಗಡಿ ಆ ಮನೆಯಿಂದ ನಾಲ್ಕು ಬೀದಿ ಆಚೆ. ಅಂಗಡಿಯ ಹಿಂದೆಯೇ ಎರಡು ಕೋಣೆ, ಈಗ ಅವರ ಬಿಡಾರ ಅಲ್ಲೇ. ನಾನು ಹೋದಾಗ ಒಂದು ಅಂಗಿಗೆ ಕಾಲರ್ ಕೂರಿಸುತ್ತಿದ್ದರು.

"ಪರದೆ ಎಲ್ಲಾ ಗಿಡ್ಡ ಇದೆ ಅಕ್ಕಾ. ಒಂದು ಇಂಚು."

ಹೊಲಿಗೆ ಯಂತ್ರ ನಿಂತಿತು.

"ಎಲ್ಲಾನೂ ಒಂದೇ ಇಂಚಾ?"

"ಎಲ್ಲಾನೂ. ಕೂದಲಿನಷ್ಟೂ ಹೆಚ್ಚುಕಮ್ಮಿ ಇಲ್ಲ."

ಅವರು ಕುತ್ತಿಗೆಯಲ್ಲಿದ್ದ ಟೇಪನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಅದರ ತುದಿಯನ್ನು ಹಿಂಡಿದರು.

"ಅಪ್ಪನ ಟೇಪು, ಇದಲ್ಲ," ಎಂದರು. "ಒಂದಿನ ಇಸ್ತ್ರಿಪೆಟ್ಟಿಗೆ ಅದರ ತುದಿ ಮೇಲೆ ಕೂತುಬಿಡ್ತು. ಮೊದಲನೇ ಇಂಚು ಸುಟ್ಟು ಹೋಯ್ತು. ಬೇರೆಯವರಾಗಿದ್ರೆ ಎಸೀತಿದ್ರು. ನಮ್ಮಪ್ಪ ಕತ್ತರಿಯಲ್ಲಿ ಆ ಒಂದಿಂಚು ಕಚಕ್ ಅಂತ ಕತ್ತರಿಸಿ, ಉಳಿದದ್ದು ಚೆನ್ನಾಗೇ ಇದೆಯಲ್ಲ ಅಂದ್ರು. ನಮ್ಮಿಬ್ಬರಿಗೂ ಅದರಲ್ಲೇ ಕಲಿಸಿದ್ರು. ಅಳೀರಿ, ಬಂದ ಸಂಖ್ಯೆಯಲ್ಲಿ ಒಂದು ಕಳೀರಿ, ಆಮೇಲೆ ಬರ್ಕೊಳ್ಳಿ. ಅಳೆದ್ವಿ ಅಂದ್ರೆ ಒಂದು ಕಳೆಯೋದು, ಉಸಿರಾಡಿದ ಹಾಗೆ ಆಗಿತ್ತು ಅದು."

"ಆ ಟೇಪ್ ಈಗೆಲ್ಲಿದೆ?"

"ಅವಳು ಹೋದ ದಿನ ಅದೂ ಹೋಯ್ತು. ಅಪ್ಪ ಮಗಳಿಗಿಂತ ಟೇಪಿಗೇ ಜಾಸ್ತಿ ಕೂಗಾಡಿದ್ರು. ಆಮೇಲೆ ಹೊಸ ಟೇಪ್ ತಂದೆ. ನನ್ನ ಕೈ ಕೇಳಬೇಕಲ್ಲ? ಒಂದು ವರ್ಷ ಸುಮ್ಮಸುಮ್ಮನೆ ಒಂದು ಕಳೀತಾನೇ ಇದ್ದೆ. ಆ ವರ್ಷ ಈ ಬೀದಿ ಗಂಡಸರೆಲ್ಲ ಉಸಿರು ಬಿಗಿಹಿಡಿದು ಓಡಾಡಿದ್ರು ನೋಡಿ."

ನಾನು ನಕ್ಕೆ. ಅವರು ನಗಲಿಲ್ಲ.

"ಹಾಗೆ ಅಳೀತಿದ್ದವರು ಎಷ್ಟು ಜನ?"

"ಮೂರೇ ಜನ. ಅಪ್ಪ ಹೋಗಿ ಎಂಟು ವರ್ಷ ಆಯ್ತು. ನಾನು ಅಳೆದಿಲ್ಲ." ಅವರ ದನಿ ಸಣ್ಣದಾಯಿತು. "ಅಂದ್ರೆ ಅವಳು ಬಂದಿದ್ಲು. ಅಪ್ಪನ ಟೇಪ್ ತಂದಿರಲಿಲ್ಲ, ಬೇರೆ ಯಾವುದೋ ನೆಟ್ಟಗಿರೋ ಟೇಪಲ್ಲಿ ಅಳೆದು, ಅಭ್ಯಾಸಬಲದಿಂದ ಒಂದು ಕಳೆದಿದ್ದಾಳೆ. ಹೊಸ ಕಿಟಕಿ ಮುಂದೆ ನಿಂತಿದ್ಲು ಮೇಡಂ. ನಾನಿಲ್ಲಿ ನಾಲ್ಕು ಬೀದಿ ಆಚೆ ಕೂತು ಯಾರದೋ ಗುಂಡಿ ಹೊಲೀತಿದ್ದೆ."

ನಾನು ಕತ್ತರಿಯನ್ನು ಆಚೆ ಸರಿಸಿ ಇಟ್ಟೆ.

"ಇಷ್ಟಪಟ್ಟವನ ಜೊತೆ ಹೋದ್ಲು. ಅಪ್ಪ ಬಾಗಿಲು ಹಾಕ್ಕೊಂಡ್ರು. ಹಾಕ್ಕೊಳ್ಳಲಿ, ನಾನು ಹಾಕ್ಕೊಂಡಿರಲಿಲ್ಲವಲ್ಲ? ಇಪ್ಪತ್ತೆರಡು ವರ್ಷ ಆ ಮನೆ ಮುಂಬಾಗಿಲಿನ ಬಣ್ಣ ಕೂಡ ಬದಲಾಯಿಸಿಲ್ಲ ನಾನು, ಗುರುತು ಸಿಗದೆ ವಾಪಸ್ ಹೋಗಿಬಿಟ್ಟರೆ ಅಂತ. ಮನೆ ಯಾಕೆ ಮಾರ್ತೀಯ ಅಂದವರಿಗೆಲ್ಲ ಮೆಟ್ಟಿಲು ಹತ್ತೋಕಾಗಲ್ಲ ಅಂದೆ. ಅದು ಸುಳ್ಳು. ಗೇಟು ಸದ್ದಾದ್ರೆ ಸಾಕು, ಕೈಯಲ್ಲಿದ್ದದ್ದು ಬಿಟ್ಟು ಎದ್ದು ಹೋಗಿ ನೋಡೋದು. ಗೇಟು ಸದ್ದು ಮಾಡೋದು, ನಾನು ಏಳೋದು. ಸಾಕಾಗಿತ್ತು ಮೇಡಂ."

ಕಾಲರನ್ನು ಕೈಗೆತ್ತಿಕೊಂಡರು, ಮತ್ತೆ ಇಟ್ಟರು.

"ಮನೆ ಕೊಂಡ ಗುರುತಿಲ್ಲದವರಿಗೆ ಚಿಲಕ ಹೀಗೆ ಹಾಕಿ, ಎಡಗಡೆ ಮಲಗಿ ಅಂತ ಬರೀತಾಳೆ. ನಮ್ಮವರು ಯಾರೂ ಉಳಿದಿಲ್ಲ ಅಂತಲೂ ಬರೀತಾಳೆ. ನಾನು ಅವಳಿಗೆ ಯಾರೂ ಅಲ್ಲವಾ? ಅದೊಂದು ಕೇಳಿಕೊಡಿ ಸಾಕು. ಬಾ ಅಂತ ಕರೆಯಲ್ಲ ನಾನು."

"ಕಾಗದದ ಅಕ್ಷರ ಅವಳದೇನಾ?"

"ಅಲ್ಲ. ಅದೇ ಅರ್ಥ ಆಗ್ತಿಲ್ಲ. ಮಾತು ಅವಳದು, ಹೊಲಿಗೆ ಅವಳದು. ಅಕ್ಷರ ಮಾತ್ರ ಬೇರೆ ಯಾರದೋ."

ಖಾಲಿ ಮನೆಯ ಬೀಗದಕೈ ಇದ್ದದ್ದು ಇಬ್ಬರ ಹತ್ತಿರ: ಅಕ್ಕನ ಹತ್ತಿರ ಒಂದು, ಮನೆ ಮಾರಿಸಿಕೊಟ್ಟ ದಲ್ಲಾಳಿಯ ಹತ್ತಿರ ಇನ್ನೊಂದು. ನಾನು ಚೀಲ ಹೆಗಲಿಗೇರಿಸಿದೆ. ಅಕ್ಕ ಅಂಗಡಿಯ ಷಟರ್ ಅರ್ಧಕ್ಕೆ ಎಳೆದು, "ನಾನೂ ಬರ್ತೀನಿ," ಎಂದರು. ಬೇಡ ಎನ್ನಲು ಬಾಯಿ ತೆರೆದೆ. ಅವರು ಆಗಲೇ ಬೀದಿಗಿಳಿದಿದ್ದರು.

*

ದಲ್ಲಾಳಿಯನ್ನು ಎಲ್ಲರೂ ಗೊಂಚಲು ಎನ್ನುತ್ತಾರೆ. ಸೊಂಟದಲ್ಲಿ ಸದಾ ಮೂವತ್ತು ನಲವತ್ತು ಬೀಗದಕೈಗಳ ಗೊಂಚಲು. ಮನುಷ್ಯ ಬರುವ ಮೊದಲು ಸದ್ದು ಬರುತ್ತದೆ. ಗಾಜಿನ ಬಾಗಿಲಿನ ಪುಟ್ಟ ಆಫೀಸು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಒರಗಿಸಿದ 'ಮಾರಾಟಕ್ಕಿದೆ' ಬೋರ್ಡುಗಳು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಅವನು ಎದ್ದು ನಿಂತ, ಕೂತ, ಮತ್ತೆ ಎದ್ದ.

"ಆ ಬುಟ್ಟಿ ಇಟ್ಟದ್ದು ಯಾರು?" ಕೇಳಿದೆ.

"ಅದಾ ಮೇಡಂ? ಅದು ನಮ್ಮ ಆಫೀಸ್ ಕಡೆಯಿಂದ. ಮನೆ ತಗೊಂಡವರಿಗೆ ಒಂದು ಚಿಕ್ಕ ಕಾಣಿಕೆ. ಈಗ ಎಲ್ಲಾ ಕಡೆ ಹಾಗೆ ಮಾಡ್ತಾರೆ."

"ಓಹೋ. ಕಾಗದ ಬರೆದದ್ದೂ ನೀವೇನಾ?"

"ಹ್ಞೂಂ... ನಾವೇ."

"ಹಾಗಿದ್ರೆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅಡಗಿ ಕೂತದ್ದೂ ನೀವೇ." ಅವನ ಹೊಟ್ಟೆಯ ಕಡೆ ನೋಡಿದೆ. "ನಡೀರಿ, ಈಗಲೇ ಹೋಗಿ ಒಂದ್ಸಲ ಕೂತು ತೋರಿಸಿ. ಸಿಕ್ಕಿಹಾಕ್ಕೊಂಡ್ರೆ ನಾನು ಎಳೀತೀನಿ."

ಗೊಂಚಲು ನಾಲಿಗೆ ಕಚ್ಚಿಕೊಂಡ. ಟೇಬಲ್ ಮೇಲಿದ್ದ ಪೆನ್ನನ್ನು ಈ ಕಡೆಯಿಂದ ಆ ಕಡೆಗಿಟ್ಟ.

"ನಿನ್ನ ಮೇಲೆ ದೂರು ಕೊಡೋಕೆ ಬಂದಿಲ್ಲ ತಮ್ಮಾ," ಎಂದರು ಅಕ್ಕ ಮೆಲ್ಲಗೆ. "ನನ್ನ ತಂಗಿ ಬಂದಿದ್ಲಾ? ಅಷ್ಟು ಹೇಳು. ಹೇಗಿದ್ದಾಳೆ? ದಪ್ಪ ಆಗಿದ್ದಾಳಾ, ಸೊರಗಿದ್ದಾಳಾ? ಎಡ ಹುಬ್ಬಿನ ಮೇಲೆ ಒಂದು ಗಾಯದ ಕಲೆ ಇತ್ತಾ?"

ಅವನ ಮುಖ ಬದಲಾಯಿತು. ಸುಳ್ಳು ಹೇಳುವುದು ಅವನಿಗೆ ಕಸುಬು, ಆದರೆ ಮನಸ್ಸು ಕಲ್ಲಲ್ಲ.

"ತಂಗಿ ಅಂತ ನನಗೆ ಗೊತ್ತಿಲ್ಲ ಅಕ್ಕಾ. ಬಂದವಳು ಹೆಂಗಸಲ್ಲ. ಹುಡುಗಿ. ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೊಂದು ಇರಬಹುದು."

ಅಕ್ಕ ನನ್ನ ಕಡೆ ತಿರುಗಿದರು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಮೂರೇ ಜನ ಎಂದು ಲೆಕ್ಕ ಹಾಕಿ, ಇಲ್ಲದ ಮೀಸೆಯನ್ನು ತಿರುವಿಕೊಂಡು ಬಂದವಳು ನಾನು.

"ಪೇಪರಲ್ಲಿ ಜಾಹೀರಾತು ನೋಡಿದೆ, ಮನೆ ನೋಡಬೇಕು ಅಂದ್ಲು," ಗೊಂಚಲು ಮುಂದುವರಿಸಿದ. "ತೋರಿಸೋಕೆ ಕರ್ಕೊಂಡು ಹೋದೆ. ಕಿಟಕಿ ಅಳೆಯಬೇಕು ಅಂತ ಚೀಲ ತಡಕಾಡಿದ್ಲು, ಟೇಪ್ ಮರೆತಿದ್ಲು. ನನ್ನ ಟೇಪ್ ಕೊಟ್ಟೆ. ಕೊಳ್ಳೋರೆಲ್ಲ ಅಳೀತಾರೆ, ಅದರಲ್ಲಿ ಏನೂ ವಿಶೇಷ ಇಲ್ಲ. ಆದ್ರೆ ಇವಳು ಟೇಪಲ್ಲಿ ನಲವತ್ತೆಂಟು ಇದ್ರೆ ನಲವತ್ತೇಳು ಅಂತ ಬರ್ಕೊಳ್ಳೋಳು. ತಪ್ಪಾಯ್ತಲ್ಲಮ್ಮ ಅಂದೆ. ಇಲ್ಲ, ಒಂದು ಕಳೀಬೇಕು, ನಮ್ಮಮ್ಮ ಹಾಗೇ ಕಲಿಸಿರೋದು ಅಂದ್ಲು. ಯಾಕೆ ಅಂದ್ರೆ ಅವಳಿಗೂ ಗೊತ್ತಿಲ್ಲ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. ಮಗಳು ಎಂಬ ಮಾತು ಅವರ ಬಾಯಿಂದ ಬರಲಿಲ್ಲ, ಆದರೆ ಮುಖದ ತುಂಬ ಅದೇ ಇತ್ತು.

"ಇದನ್ನ ಮುಚ್ಚಿಟ್ಟದ್ದು ಯಾಕೆ?" ನಾನು ಬಿಡಲಿಲ್ಲ.

"ಇನ್ನೊಂದು ಪಾರ್ಟಿ ಕಾಯ್ತಿದ್ರು ಮೇಡಂ. ಬೀಗದಕೈ ಅವಳ ಕೈಗೇ ಕೊಟ್ಟು ಒಂದು ಗಂಟೆ ಹೋಗಿದ್ದೆ. ಗೊತ್ತಾದ್ರೆ ಮುಂದೆ ಯಾರು ನನಗೆ ಬೀಗದಕೈ ಕೊಡ್ತಾರೆ? ವಾಪಸ್ ಬಂದಾಗ ಹುಡುಗಿ ಗೂಡಿನಲ್ಲಿ ಕೂತು ಅಳ್ತಾ ಇದ್ಲು. ಮೂರು ವಾರ ಬಿಟ್ಟು ಬುಟ್ಟಿ ತಂದ್ಲು. ಮನೆಗೆ ಬರೋರಿಗೆ ಕೊಡಿ ಅಂದ್ಲು. ಕರ್ಟನ್ ಸರಿಹೊಂದದಿದ್ರೆ ಫೋನ್ ಮಾಡೋಕೆ ಹೇಳಿ, ಅಮ್ಮ ಸರಿ ಮಾಡಿಕೊಡ್ತಾರೆ ಅಂತ ನಂಬರೂ ಕೊಟ್ಲು."

"ಇನ್ನೊಂದು ಸಲ ಹೇಳು," ಎಂದರು ಅಕ್ಕ.

"ಏನು?"

"ಅವಳು ಹೇಳಿದ್ದು. ಹಾಗೇ ಹೇಳು."

"ಅಮ್ಮ ಸರಿ ಮಾಡಿಕೊಡ್ತಾರೆ."

ಅಕ್ಕ ಕಣ್ಣು ಮುಚ್ಚಿದರು. ತಂಗಿ ಬದುಕಿದ್ದಾಳೆ. ಎಲ್ಲೋ ಒಂದು ಕಿಟಕಿಯ ಪಕ್ಕ ಕೂತು ಹೊಲಿಯುತ್ತಿದ್ದಾಳೆ. ಇಪ್ಪತ್ತೆರಡು ವರ್ಷಗಳಲ್ಲಿ ಅಕ್ಕನಿಗೆ ಸಿಕ್ಕ ಮೊದಲ ಸುದ್ದಿ ಅದು. 

"ಅಮ್ಮ ಯಾಕೆ ಬರಲಿಲ್ಲ ಅಂತ ಕೇಳಿದ್ರಾ?"

"ಕೇಳ್ದೆ. ಆ ಮನೆ ನೋಡಿದ್ರೆ ಅಮ್ಮ ತಡ್ಕೊಳ್ಳಲ್ಲ ಅಂದ್ಲು."

"ಮಾರ್ತಾ ಇರೋದು ಯಾರು ಅಂತ ಅವಳು ಕೇಳಲಿಲ್ವಾ?"

ಗೊಂಚಲು ತಲೆ ತಗ್ಗಿಸಿದ. "ಕೇಳಿದ್ಲು. ನಾವು ಪಾರ್ಟಿ ಹೆಸರು ಪಾರ್ಟಿಗೆ ಹೇಳಲ್ಲ ಮೇಡಂ. ಅವರವರೇ ಮಾತಾಡಿಕೊಂಡುಬಿಟ್ರೆ ನಮ್ಮ ಗತಿ? ಮಾಲೀಕರು ಇಲ್ಲಿ ಯಾರೂ ಇಲ್ಲ, ಎಲ್ಲೋ ದೂರದ ಸಂಬಂಧಿಕರು ಮಾರಿಸ್ತಿದ್ದಾರೆ ಅಂದೆ. ಎಲ್ಲಾ ಮನೆಗೂ ಅದನ್ನೇ ಹೇಳೋದು."

"ನಾಲ್ಕು ಬೀದಿ ಆಚೆ ಇದ್ದೆನಲ್ಲ ತಮ್ಮಾ," ಎಂದರು ಅಕ್ಕ. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಅವನು ಡ್ರಾಯರ್ ಎಳೆದು ಒಂದು ಚೀಟಿ ತೆಗೆದ. ಕಾಗದದಲ್ಲಿದ್ದ ಅದೇ ದುಂಡಗಿನ ಅಕ್ಷರ, ಕೆಳಗೆ ನಂಬರು. ನಾನು ಫೋನ್ ತೆಗೆದೆ. ಅಕ್ಕ ಕೂದಲು ಸರಿಮಾಡಿಕೊಂಡರು, ಸೆರಗು ನೇರ ಮಾಡಿಕೊಂಡರು, ಯಾರೋ ಎದುರಿಗೇ ಬಂದು ನಿಲ್ಲುವವರಿದ್ದಂತೆ.

"ಏನಂತ ಮಾತಾಡಲಿ?" ಎಂದರು.

"ನಿಮಗೇನನ್ಸುತ್ತೋ ಅದನ್ನೇ."

ಸ್ಪೀಕರ್ ಒತ್ತಿ ಟೇಬಲ್ ಮೇಲಿಟ್ಟೆ. ಐದು ಸಲ ರಿಂಗಾಯಿತು. ಆರನೆಯದಕ್ಕೆ ಎತ್ತಿದರು.

"ಹಲೋ?" ಎಳೆಯ ದನಿ. ಹಿಂದೆ ಎಲ್ಲೋ ಹೊಲಿಗೆ ಯಂತ್ರ ಓಡುತ್ತಿತ್ತು. ಕಾಲಿಂದ ತುಳಿಯುವ ಹಳೆಯ ಯಂತ್ರ. ಸ್ವಲ್ಪ ಓಡಿ, ನಿಂತು, ಮತ್ತೆ ಓಡುತ್ತಿತ್ತು. ಅಕ್ಕ ಫೋನಿಗೆ ಕಿವಿ ಹತ್ತಿರ ತಂದರು. ಅವರಿಗೆ ಹುಡುಗಿಯ ದನಿಗಿಂತ ಆ ಸದ್ದೇ ಬೇಕಾಗಿತ್ತು.

"ಹಲೋ? ಯಾರು ಮಾತಾಡೋದು? ಕರ್ಟನ್ ವಿಷಯನಾ?"

"ಹೌದಮ್ಮ," ಎಂದರು ಅಕ್ಕ. "ಒಂದಿಂಚು ಗಿಡ್ಡ ಆಗಿದೆ. ನಿಮ್ಮಮ್ಮನಿಗೆ ಹೇಳು... ಬೇಡ, ಏನೂ ಹೇಳಬೇಡ. ನಾನು ನಿನ್ನ ದೊಡ್ಡಮ್ಮ, ಮಗಾ. ನಿಮ್ಮಮ್ಮನ ಅಕ್ಕ."

 ಆ ಕಡೆ ಯಂತ್ರ ಓಡುತ್ತಲೇ ಇತ್ತು. ಒಂದು ಬಾಗಿಲು ಮುಚ್ಚಿದ ಸದ್ದಾಯಿತು. ಯಂತ್ರದ ಸದ್ದು ದೂರವಾಯಿತು. ಹುಡುಗಿ ಮತ್ತೆ ಮಾತಾಡಿದಾಗ ದನಿ ತಗ್ಗಿತ್ತು, ನಡುಗುತ್ತಿತ್ತು.

"ಯಾರ್ರೀ ನೀವು?"

"ಹೇಳಿದ್ನಲ್ಲ ಕಂದಾ, ನಿನ್ನ ದೊಡ್ಡ..."

"ನಮ್ಮಮ್ಮನಿಗೆ ಇದ್ದದ್ದು ಒಬ್ಬರೇ ಅಕ್ಕ. ಅವರು ತೀರಿಹೋಗಿ ಇಪ್ಪತ್ತೊಂದು ವರ್ಷ ಆಯ್ತು. ನಾನಿನ್ನೂ ಹುಟ್ಟಿರಲಿಲ್ಲ. ತಾತ ಕಾಗದ ಬರೆದು ತಿಳಿಸಿದ್ರು, ಆ ಕಾಗದ ಇನ್ನೂ ನಮ್ಮ ಮನೇಲಿದೆ. ಅಮ್ಮ ಇವತ್ತಿಗೂ ಅದನ್ನ ತೆಗೆದು ಓದಿ ಅಳ್ತಾಳೆ. ನೀವು ಯಾರೋ, ನಿಮಗೇನು ಬೇಕೋ ನನಗೆ ಗೊತ್ತಿಲ್ಲ. ಸತ್ತವರ ಹೆಸರು ಹೇಳ್ಕೊಂಡು ಇನ್ನೊಂದ್ಸಲ ಫೋನ್ ಮಾಡಬೇಡಿ."

ಫೋನ್ ಸತ್ತಿತು. ತಕ್ಷಣ ಮತ್ತೆ ಒತ್ತಿದೆ. ಸ್ವಿಚ್ ಆಫ್.

ಗೊಂಚಲು ಬಾಯಿ ತೆರೆದು ಅಕ್ಕನನ್ನೇ ನೋಡುತ್ತಿದ್ದ. ನಾನು ಕುರ್ಚಿ ಎಳೆದು ಅವರ ಪಕ್ಕಕ್ಕೆ ಹಾಕಿಕೊಂಡು ಕೂತೆ. ತಂಗಿ ಯಾಕೆ ಬರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅವಳ ಲೆಕ್ಕದಲ್ಲಿ ಬಂದು ನೋಡಲು ಯಾರೂ ಇರಲಿಲ್ಲ.

"ಅಪ್ಪನ ಸಿಟ್ಟು ಇಷ್ಟು ದೂರ ಹೋಗುತ್ತೆ ಅಂತ ನೀವು ಅಂದ್ಕೊಂಡಿರಲಿಲ್ಲ ಅಲ್ವಾ ಅಕ್ಕಾ," ಎಂದೆ. "ಬದುಕಿರೋ ಮಗಳನ್ನ ಸತ್ತಳು ಅಂತ ಬರೆದುಬಿಟ್ಟಿದ್ದಾರೆ."

ಅಕ್ಕ ಅಲ್ಲವೆಂದು ತಲೆಯಾಡಿಸಿದರು. ಅಳುತ್ತಿರಲಿಲ್ಲ. ಬಿಳಿಚಿಕೊಂಡ ಮುಖ ಎತ್ತಿ ನನ್ನನ್ನು ನೋಡಿದರು.

"ನಮ್ಮಪ್ಪನಿಗೆ ಬರೆಯೋಕೆ ಬರ್ತಿರಲಿಲ್ಲ ಮೇಡಂ," ಎಂದರು. "ಅಂಕಿ ಬಿಟ್ಟರೆ ಒಂದಕ್ಷರ ಗೊತ್ತಿರಲಿಲ್ಲ. ಅವರ ಕಾಗದಗಳನ್ನೆಲ್ಲ ಬರೆದುಕೊಡ್ತಿದ್ದವಳು ನಾನೇ. ಅದೊಂದನ್ನ ಮಾತ್ರ ನಾನು ಬರೆದಿಲ್ಲ."